ಮನೆ ಬಿಡುವ ಮುನ್ನ ಅರಿಸಿನದ ಕಲೆ ಬಿಡಿಸಿ

ಉಜೆಸ್ ದಕ್ಷಿಣ ಫ್ರಾನ್ಸಿನ ಪುಟ್ಟ ಊರು. ಎಂಟು ಸಾವಿರ ಚಿಲ್ಲರೆ ಜನ. ಮಗಳು ಹತ್ತಿರದ ನೀಮ್‌ನಲ್ಲಿ ಇರುವುದರಿಂದ ನಾವಿಬ್ಬರೂ ಬೇಸಿಗೆಗೆ ಇಲ್ಲಿ ಸಾಮಾನು ಸಮೇತದ ಮನೆ ಬಾಡಿಗೆಗೆ ಹಿಡಿಯುತ್ತೇವೆ. ನಮ್ಮನ್ನು ನೋಡಿ ನೆಂಟರು, ಸ್ನೇಹಿತರೂ ಒಬ್ಬೊಬ್ಬರಾಗಿ ಬಂದು ಇದ್ದು ಹೋಗಿದ್ದಾರೆ. ಬಂದು ಇರುವುದೆಲ್ಲ ಚೆಂದ, ಎಡವಟ್ಟಾಗುವುದು ಹೊರಡುವಾಗ. ಕೊನೆಯ ರಾತ್ರಿ ಹನ್ನೊಂದಕ್ಕೆ ಸ್ಟೀಲ್ ನಾರು ಹಿಡಿದು ಅಡುಗೆಕಟ್ಟೆ ತಿಕ್ಕುತ್ತಾ ನಿಂತವರನ್ನು ಕಣ್ಣಾರೆ ಕಂಡಿದ್ದೇನೆ. ಕಲೆ ಹೋಗಲಿಲ್ಲ. ಕಟ್ಟೆಯ ಹೊಳಪು ಹೋಯಿತು, ಅದರ ಹಿಂದೆ ಇನ್ನೂರು ಯೂರೋನೂ ಹೋಯಿತು.

ಮೊದಲ ಕೆಲಸ, ದಿನ ಎಣಿಸುವುದು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಏಪ್ರಿಲ್ 2ಕ್ಕೆ ಇಳಿದರೆ ಜೂನ್ 30 ತೊಂಬತ್ತನೇ ದಿನ. ‘ಮೂರು ತಿಂಗಳು ಅಲ್ವಾ’ ಅಂತ ಜುಲೈ 2ಕ್ಕೆ ಟಿಕೆಟ್ ತೆಗೆದವರಿದ್ದಾರೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದು ಕಂಪ್ಯೂಟರಿನಲ್ಲೇ ದಿನ ಎಣಿಸುವ ಏರ್ಪಾಟು ಶುರುವಾಗಿದೆ. ಹಾಗಾಗಿ ಕೊನೆಯ ದಿನಕ್ಕೆ ಟಿಕೆಟ್ ಬೇಡವೇ ಬೇಡ. ನಾನು 86ನೇ ದಿನ ದಾಟುವುದಿಲ್ಲ. ಇದು ರೈಲು ಮುಷ್ಕರಗಳ ದೇಶ, ನೆನಪಿರಲಿ.

ಹೊರಡಲು ಎರಡು ವಾರ ಇರುವಾಗ, ಬಂದ ದಿನ ಸಹಿ ಹಾಕಿದ ಕಾಗದ ಹುಡುಕಿ. ಅದರ ಹೆಸರು ‘ಎತಾ ದೆ ಲ್ಯೂ’. ಮನೆಯ ಒಂದೊಂದು ಗೋಡೆ, ನಲ್ಲಿ, ಬಟ್ಟಲು ಹೇಗಿತ್ತು ಅಂತ ಬರೆದಿರುತ್ತಾರೆ. ಹೊರಡುವ ದಿನ ಅದೇ ಪಟ್ಟಿ ಹಿಡಿದು ಮನೆಯೊಡತಿ ಕೋಣೆ ಕೋಣೆ ಸುತ್ತುತ್ತಾಳೆ. ಮುಂಗಡವನ್ನು ಬಾಯಲ್ಲಿ ‘ಕೋಸಿಯೋ’ ಅನ್ನುತ್ತಾರೆ. ಅದು ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಆ ಅರ್ಧ ಗಂಟೆಯಲ್ಲಿ ತೀರ್ಮಾನ. ಸುಮ್ನೆ ಗಾಬರಿ ಆಗಬೇಡಿ, ಆ ಪಟ್ಟಿ ನೀವೇ ಮೊದಲು ಹಿಡಿದು ಮನೆ ಸುತ್ತಿ.

ಸುತ್ತಿದಾಗ ಕಣ್ಣಿಗೆ ಬೀಳುವುದು ಎರಡು, ಸುಣ್ಣ ಮತ್ತು ಅರಿಸಿನ.

ಸುಣ್ಣ ನಮ್ಮ ತಪ್ಪಲ್ಲ, ನೀರಿನದು. ಇದೇ ಊರಿನ ‘ಊರ್’ ಅನ್ನುವ ಹೆಸರಿನ ಚಿಲುಮೆಯಿಂದ ರೋಮನ್ನರು ಸುಮಾರು 50 ಕಿಲೋಮೀಟರ್ ಕಾಲುವೆ ಕಟ್ಟಿ ನೀಮ್‌ಗೆ ನೀರು ಒಯ್ದಿದ್ದರು. ಪೋಂ ದ್ಯು ಗಾರ್ ಸೇತುವೆ ಆ ಕಾಲುವೆಯದೇ ಭಾಗ. ಕಾಲುವೆಯ ಒಳಗೋಡೆಯಲ್ಲಿ ಸುಣ್ಣ ಗೇಣುಗಟ್ಟಲೆ ದಪ್ಪಕ್ಕೆ ಕಟ್ಟಿಕೊಂಡಿದೆ. ಇನ್ನು ನಿಮ್ಮ ಕೆಟಲ್ ಯಾವ ಲೆಕ್ಕ? ಬಿಳಿ ವಿನೆಗರ್ ತನ್ನಿ, ಅಗ್ಗದ್ದೇ ಸಾಕು. ಅರ್ಧ ಕೆಟಲ್ ವಿನೆಗರ್, ಅರ್ಧ ನೀರು ಹಾಕಿ ಒಂದು ಗಂಟೆ ಬಿಡಿ. ನಲ್ಲಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ. ‘ಎಲ್ಲ ಕಲೆಗೂ ಒಂದೇ’ ಅಂತ ಬರೆದ ಸ್ಪ್ರೇ ಬಾಟಲಿಗಳನ್ನು ನಾನು ಮೂರು ವರ್ಷ ಕೊಂಡು ದುಡ್ಡು ಹಾಳು ಮಾಡಿದೆ. ಪರಿಮಳ ಬಿಟ್ಟರೆ ಏನೂ ಇಲ್ಲ. ಎರಡು ಎಚ್ಚರಿಕೆ ಮಾತ್ರ ಇರಲಿ. ಅಮೃತಶಿಲೆ, ಸುಣ್ಣದ ಕಲ್ಲಿನ ಮೇಲೆ ವಿನೆಗರ್ ಬೀಳಬಾರದು, ಕಲ್ಲೇ ಕರಗಿ ಮಂಕಾಗುತ್ತದೆ. ಬ್ಲೀಚ್ ಜೊತೆ ವಿನೆಗರ್ ಸೇರಿಸಲೇಬೇಡಿ, ಬರುವುದು ವಿಷದ ಗಾಳಿ.

ಈಗ ಅರಿಸಿನ. ಎಲ್ಲರೂ ಮೊದಲು ಸೋಪು ಹಚ್ಚುತ್ತಾರೆ. ಹಚ್ಚಿದ್ದೇ ತಡ, ಹಳದಿ ಕಲೆ ಕೆಂಪಾಗುತ್ತದೆ, ಎದೆ ಧಸಕ್ ಅನ್ನುತ್ತದೆ. ಆರತಿ ತಟ್ಟೆಯಲ್ಲಿ ಅರಿಸಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಆಗುತ್ತದಲ್ಲ, ಅದೇ ಇದು. ನಿಂಬೆರಸ ಸವರಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಕಲೆ ಅಲ್ಲೇ ಇರುತ್ತದೆ. ಅದನ್ನು ತೆಗೆಯುವುದು ಬಿಸಿಲು. ಬಿಸಿಲಿಗೆ ಅರಿಸಿನದ ಬಣ್ಣ ನಿಲ್ಲುವುದಿಲ್ಲ. ಎರಡು ವಾರ ಮೊದಲೇ ಶುರು ಮಾಡಿ ಅನ್ನುವುದು ಇದಕ್ಕೇ.

ಮೇಜಿನ ಬಟ್ಟೆ, ಮರದ ಸೌಟು, ಪ್ಲಾಸ್ಟಿಕ್ ಡಬ್ಬಿ ಎಲ್ಲ ತೊಳೆದು ಹೊರಗೆ ಹರಡಿ. ಬಿಳಿ ಅಡುಗೆಕಟ್ಟೆಯನ್ನು ಹೊರಗೆ ಒಯ್ಯಲಾಗುವುದಿಲ್ಲವಲ್ಲ, ಬಿಸಿಲನ್ನೇ ಒಳಗೆ ಕರೆಯಬೇಕು. ಜೂನ್ ಬಂತೆಂದರೆ ಇಲ್ಲಿನವರು ಮನೆ ತಂಪಾಗಿರಲಿ ಅಂತ ಕಿಟಕಿಗಳ ಹೊರಗಿನ ಮರದ ಬಾಗಿಲು ಮುಚ್ಚಿ ಕೂರುತ್ತಾರೆ. ನೀವು ತೆರೆಯಿರಿ, ಕಿಟಕಿ ಗಾಜನ್ನೂ ತೆರೆಯಿರಿ. ನಮ್ಮ ಕಟ್ಟೆಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ಬಿಸಿಲು. ದಿನಾ ಒರೆಸಿ ಹಾಗೇ ಬಿಡುತ್ತಿದ್ದೆ. ಒಗ್ಗರಣೆ ಸೌಟು ಇಟ್ಟಲ್ಲಿ ಮೂಡಿದ್ದ ಅರ್ಧಚಂದ್ರ ನಾಲ್ಕನೇ ದಿನಕ್ಕೆ ತೆಳುವಾಯಿತು, ಹತ್ತನೇ ದಿನಕ್ಕೆ ಕನ್ನಡಕ ಹಾಕಿ ಹುಡುಕುವ ಹಾಗಾಯಿತು. ಈ ಎರಡು ವಾರ ಅರಿಸಿನದ ಡಬ್ಬಿ ಮುಟ್ಟಬೇಡಿ. ಮೊಸರನ್ನ, ಬಿಳಿ ಉಪ್ಪಿಟ್ಟು, ಬ್ರೆಡ್ಡು ಚೀಸು ತಿಂದುಕೊಂಡಿರಿ.

ಒಲೆ ಮೇಲಿನ ಹೊಗೆ ಎಳೆಯುವ ಜಾಲರಿ ಬಿಚ್ಚಿ, ಪಾತ್ರೆ ಸೋಪಿನ ಬಿಸಿನೀರಲ್ಲಿ ನೆನೆಸಿ. ಸೋಡಾ ಹಾಕಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಫ್ರಿಜ್ಜು, ಕಸ, ಹಾಸಿಗೆ ಬಟ್ಟೆ ಕೊನೆಯ ದಿನದ ಕೆಲಸ.

ಸಂತೆ ಬುಧವಾರ ಮತ್ತು ಶನಿವಾರ, ಪ್ಲಾಸ್ ಓಜೆರ್ಬ್ ಚೌಕದಲ್ಲಿ. ಒಯ್ಯುವ ಜೇನು, ಆಲಿವ್ ಎಣ್ಣೆ ಕೊನೆಯ ಸಂತೆಯಲ್ಲಿ ಕೊಳ್ಳಿ. ವಿಮಾನದಲ್ಲಿ ಜೇನು, ಜಾಮ್ ಕೂಡ ದ್ರವವೇ, ಕೈಚೀಲಕ್ಕೆ ಹಾಕಬೇಡಿ. ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿ ಕೊಂಡಿದ್ದರೆ ತೆರಿಗೆ ವಾಪಸಾತಿಯ ಕಾಗದ ಕೊಡುತ್ತಾರಾ ಕೇಳಿ. ಕೊಟ್ಟರೆ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮೊದಲೇ ಅದನ್ನು ಕಸ್ಟಮ್ಸ್ ಯಂತ್ರಕ್ಕೆ ತೋರಿಸಬೇಕು.

ಹೊರಡುವ ಬೆಳಿಗ್ಗೆ ಖಾಲಿ ಕೋಣೆಗಳ ಫೋಟೊ, ಮೀಟರಿನ ಫೋಟೊ ತೆಗೆಯಿರಿ. ಕೀಲಿಗಳನ್ನು ಎಣಿಸಿ ಕೊಡಿ: ಮುಂಬಾಗಿಲು, ನೆಲಮಾಳಿಗೆ, ಅಂಚೆ ಪೆಟ್ಟಿಗೆ. ಆ ಮೂರನೇ ಚಿಕ್ಕ ಕೀಲಿ ಒಮ್ಮೆ ನಮ್ಮ ಯಜಮಾನರ ಪರ್ಸಿನಲ್ಲಿ ಮೈಸೂರಿಗೇ ಬಂದುಬಿಟ್ಟಿತು. ವಾಪಸ್ ಕಳಿಸಿದ ಪೋಸ್ಟಿನ ಖರ್ಚಿನಲ್ಲಿ ಹೊಸ ಬೀಗವೇ ಬರುತ್ತಿತ್ತು.