ಮೂವತ್ತು ವರ್ಷ, ಒಂದೇ ಫಾಕ್ಸ್‌ಪ್ರೋ

ಹೋದ ವಾರ ವಿಜಯಪುರದ ಒಂದು ಅಡತಿ ಅಂಗಡಿಗೆ ವಿಂಡೋಸ್ 11 ಇರೋ ಹೊಸ ಕಂಪ್ಯೂಟರ್ ಬಂತು. ಅದರ ಮೇಲೆ 1996ರಲ್ಲಿ ನಾನು ಬರೆದ ಪ್ರೋಗ್ರಾಂ ಓಡಿಸಿ, ತೊಗರಿ ಪಟ್ಟಿ (ಮಾಲು ಮಾರಿದ ರೈತನಿಗೆ ಕೊಡೋ ಲೆಕ್ಕದ ಚೀಟಿ) ತೆಗೆದು ಸಾಹುಕಾರರ ಕೈಗಿಟ್ಟೆ. "ಇದು ಇನ್ನೂ ನಡೀತೈತೇನೋ ತಮ್ಮಾ?" ಅಂದರು. ನಡೆಯಲ್ಲ ಅಂದವರು ಪಕ್ಕದಲ್ಲೇ ಚಹಾ ಕುಡೀತಿದ್ದರು!

ವಿಂಡೋಸ್‌ಗೂ ಹಳೆಯದಾದ ಡಾಸ್‌ನಲ್ಲಿ ಓಡೋ, ಲೆಕ್ಕಪತ್ರದ ಪ್ರೋಗ್ರಾಂ ಬರೆಯೋ ಸಾಧನ ಫಾಕ್ಸ್‌ಪ್ರೋ 2.6. ಅದರಲ್ಲೇ ಅರವತ್ತು ಎಪ್ಪತ್ತು ಅಂಗಡಿಗೆ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಮೊದಲನೆಯದಕ್ಕೆ ಸಿಕ್ಕಿದ್ದು ನಾಲ್ಕು ಸಾವಿರ, ಅದೂ ಎರಡು ಕಂತಿನಲ್ಲಿ.

ಜೋರಾದ ಪೆಂಟಿಯಂ ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ತೆರೆದ ಕೂಡಲೇ 'ಡಿವೈಡ್ ಬೈ ಝೀರೋ' ಅಂತ ಬಿದ್ದುಬಿಡುತ್ತಿತ್ತು. ಮೂರು ರಾತ್ರಿ ದಲಾಲಿ, ಹಮಾಲಿ, ತೂಕದ ಸಾಲುಗಳನ್ನೆಲ್ಲ ಕೆದಕಿದೆ. ತಪ್ಪು ನನ್ನದಲ್ಲ. ಫಾಕ್ಸ್‌ಪ್ರೋ ಶುರುವಿನಲ್ಲಿ ಮಷೀನಿನ ವೇಗ ಅಳೆಯುತ್ತೆ, ಮಷೀನ್ ತೀರ ಜೋರಾಗಿದ್ದರೆ ಸಮಯ ಸೊನ್ನೆ ಬರುತ್ತೆ, ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತೆ. ಅದನ್ನು ಸರಿಪಡಿಸೋ ಪ್ಯಾಚ್ ಹಾಕಿದೆ, ಮುಗೀತು.

ದೊಡ್ಡ ಪೆಟ್ಟು ಬಿದ್ದದ್ದು 2004ರ ಸುಮಾರಿಗೆ. ಎಲ್ಲರ ಮಾತು ಕೇಳಿ ಪ್ರೋಗ್ರಾಂ ಅನ್ನು ವಿಂಡೋಸ್‌ಗೆ ಅಂತ ವಿಷುವಲ್ ಬೇಸಿಕ್ ಭಾಷೆಯಲ್ಲಿ ಮತ್ತೆ ಬರೆಸಿದೆ. ಇಬ್ಬರು ಹುಡುಗರ ಪಗಾರ, ಒಂದೂವರೆ ವರ್ಷ, ಒಂದೂಕಾಲು ಲಕ್ಷ ಹೋಯಿತು. ಮುನೀಮರು ಮೌಸ್ ಮುಟ್ಟಲೇ ಇಲ್ಲ. ಲಿಲಾವು ಮುಗಿದು ಮೂವತ್ತು ಜನ ರೈತರು ಪಟ್ಟಿಗೆ ನಿಂತಿರುವಾಗ ಎಂಟರ್, ಎಂಟರ್ ಹೊಡೆಯೋ ಕೈಗೆ ಮೌಸ್ ಯಾಕೆ ಬೇಕು, ಅಲ್ವಾ?

ಫಾಕ್ಸ್‌ಪ್ರೋದಲ್ಲಿ ಕರೆಂಟ್ ಹೋದಾಗ ಕೊನೆಯ ಹತ್ತಿಪ್ಪತ್ತು ಪಟ್ಟಿ ಮಾಯವಾಗೋದುಂಟು. ಹೋಗಿರಲ್ಲ, ಡಿಬಿಎಫ್ ಅನ್ನೋ ದಾಖಲೆ ಫೈಲಿನ ಹೆಡರ್‌ನಲ್ಲಿ, ಅಂದರೆ ಮೊದಲ ಭಾಗದಲ್ಲಿ, ಎಷ್ಟು ರೆಕಾರ್ಡ್ ಇವೆ ಅನ್ನೋ ಎಣಿಕೆ ಹಳೆಯದೇ ಉಳಿದಿರುತ್ತೆ. ಫೈಲ್ ಅಳತೆಯಲ್ಲಿ ಹೆಡರ್ ಕಳೆದು ಒಂದು ರೆಕಾರ್ಡಿನ ಉದ್ದದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಹೆಕ್ಸ್ ಎಡಿಟರ್‌ನಿಂದ (ಫೈಲಿನ ಒಂದೊಂದೇ ಬೈಟ್ ತಿದ್ದೋ ಸಾಧನ) ಆ ಎಣಿಕೆಯ ಜಾಗದಲ್ಲಿ ಬರೆದು, ಹುಡುಕೋಕೆ ಬಳಸೋ ಇಂಡೆಕ್ಸ್ ಹೊಸದಾಗಿ ಮಾಡಿ. ಇದಕ್ಕೇ ಒಬ್ಬರು ನನ್ನನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕಿದ್ದರು.

64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಂಗಳನ್ನು ಬಾಗಿಲಲ್ಲೇ ತಡೆಯುತ್ತೆ. ಒಂದೇ ಮಷೀನ್ ಇದ್ದರೆ, ವಿಂಡೋಸ್ ಒಳಗೇ ಡಾಸ್ ನಡೆಸೋ ಡಾಸ್‌ಬಾಕ್ಸ್ ಸಾಕು. ಎರಡಿದ್ದರೆ ಇಬ್ಬರು ಒಂದೇ ರೆಕಾರ್ಡ್ ಒಟ್ಟಿಗೆ ತಿದ್ದದ ಹಾಗೆ ರೆಕಾರ್ಡ್ ಲಾಕ್ ಬೇಕಲ್ಲ, ಅಲ್ಲಿ ಅಂಥದ್ದೇ ಇನ್ನೊಂದು, ವಿಡಾಸ್. ಸಣ್ಣಕ್ಷರ ಕೆಡದ ಹಾಗೆ ಯುಎಸ್‌ಬಿ ಪ್ರಿಂಟರ್‌ಗೆ ಪಟ್ಟಿ ಹೇಗೆ ಕಳಿಸ್ತೀನಿ ಅನ್ನೋದು ಮಾತ್ರ ಹೇಳಲ್ಲ. ವರ್ಷದ ಎರಡು ಸಾವಿರ ಎಎಂಸಿ (ನಿರ್ವಹಣೆಯ ಹಣ) ಅದರ ಮೇಲೇ ನಿಂತಿದೆ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಒಂಬತ್ತು ಪಿನ್ನಿನ ಪ್ರಿಂಟರಿನಲ್ಲಿ ಕನ್ನಡ. ಚೌಕಳಿ ಹಾಳೆಯಲ್ಲಿ ಅಕ್ಷರ ಬರೆದು, ಚುಕ್ಕೆ ಎಣಿಸಿ ಗ್ರಾಫಿಕ್ಸ್ ಕೋಡ್ ಕಳಿಸಿದೆ. ಬಂತು! ಆದರೆ ಒಂದು ಪಟ್ಟಿಗೆ ಹೆಚ್ಚುಕಮ್ಮಿ ಎರಡು ನಿಮಿಷ, ಅಷ್ಟೂ ಹೊತ್ತು ಕರ್ರ್ ಕರ್ರ್ ಸದ್ದು. ಹಮಾಲರು ಪ್ರಿಂಟರ್ ಕೆಟ್ಟಿದೆ ಅಂದುಕೊಂಡರು. ಬಿಟ್ಟೆ. 'ಶ್ರೀ' ಒಂದನ್ನು ಮಾತ್ರ ಉಳಿಸಿಕೊಂಡೆ. ಹದಿನಾರು ಚುಕ್ಕೆ ಎತ್ತರ, ಪ್ರಿಂಟರ್ ತಲೆಯದು ಎರಡು ಓಟ. ಹೋದ ವಾರದ ಆ ತೊಗರಿ ಪಟ್ಟಿಯ ತಲೆ ಮೇಲೂ ಅದೇ ಇತ್ತು.