ಬೆಂದಿದೆಯಾ ಅಂತ ಕಣ್ಣನ್ನು ಕೇಳಬೇಡಿ: ಬಾರ್ಬೆಕ್ಯೂ ಸಾಮಾನು ಕೊಂಡ ನನ್ನ ಅನುಭವ

ನಾರ್ತ್ ಕ್ಯಾರೊಲೈನಾದ ರಾಲಿ ಪಕ್ಕದಲ್ಲಿ ಕೇರಿ ಅನ್ನೋ ಊರಿದೆ. ಹೆಸರು ಕೇಳಿದರೆ ನಮ್ಮೂರಿನದೇ ಅನ್ನಿಸುತ್ತದೆ. ಅಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಹಿತ್ತಲಿಗೆ ಒಂದು ಕೆಟಲ್ ಗ್ರಿಲ್, ಅಂದರೆ ಮುಚ್ಚಳವಿರುವ ದುಂಡನೆಯ ಇದ್ದಿಲಿನ ಒಲೆ, ತಂದೆ. ಸಕಲೇಶಪುರದ ಕಡೆ ಹುಟ್ಟಿದವನಿಗೆ ಕೆಂಡವೂ ಹೊಸದಲ್ಲ, ಬಾಡೂ ಹೊಸದಲ್ಲ. ಮಳೆಗಾಲದಲ್ಲಿ ಒಲೆಯ ಮೇಲೆ ತೂಗುಹಾಕಿದ ಉಪ್ಪುಕಂಡದ ವಾಸನೆಯಲ್ಲೇ ಬೆಳೆದವನು ನಾನು. ಕೋಳಿ ಸುಡುವುದಕ್ಕೆ ಯಾರನ್ನಾದರೂ ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ಮಗಳ ಹುಟ್ಟುಹಬ್ಬಕ್ಕೆ ಇಪ್ಪತ್ತು ಜನ ಬಂದಿದ್ದರು. ಕೋಳಿ ಕಾಲುಗಳು ಹೊರಗೆ ಹದವಾಗಿ ಕೆಂಪೇರಿ, ಅಂಚಿನಲ್ಲಿ ಅಲ್ಲಲ್ಲಿ ಕಪ್ಪಾಗಿ, ನೋಡಿದರೆ ಬಾಯಲ್ಲಿ ನೀರೂರುವ ಹಾಗಿದ್ದವು. ಮಗುವಿಗೆ ಬಿಡಿಸಿ ಕೊಡೋಣ ಅಂತ ನನ್ನ ಹೆಂಡತಿ ಒಂದನ್ನು ಮುರಿದಳು. ಕೀಲಿನ ಹತ್ತಿರ ಮಾಂಸ ಹಸಿ ಹಸಿ. ಬಡಿಸಿದ್ದ ತಟ್ಟೆಗಳನ್ನೆಲ್ಲ ವಾಪಸ್ ತಗೊಂಡೆವು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನು ನಂಬಿದ್ದು ಗ್ರಿಲ್ ಮುಚ್ಚಳದ ಮೇಲಿರುವ ಮುಳ್ಳಿನ ಮೀಟರನ್ನು. ಅದು ತೋರಿಸುವುದು ಮುಚ್ಚಳದ ಕೆಳಗೆ ಸೇರಿಕೊಂಡ ಬಿಸಿಗಾಳಿಯ ಶಾಖ. ಮಾಂಸ ಮಲಗಿರುವ ಸರಳಿನ ಮಟ್ಟದಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಮಾಂಸದ ಒಳಗಿನದಂತೂ ಇಲ್ಲವೇ ಇಲ್ಲ. ಆಮೇಲೆ ನಾನೇ ಪಕ್ಕಪಕ್ಕ ಇಟ್ಟು ನೋಡಿದ್ದೇನೆ: ಮುಚ್ಚಳ 275 ಡಿಗ್ರಿ ಫ್ಯಾರನ್‌ಹೀಟ್ ಅನ್ನುವಾಗ ಸರಳಿನ ಮೇಲೆ 225 ಇತ್ತು.

ಮಾರನೇ ವಾರ ಅಂಗಡಿಗೆ ಹೋಗಿ ಮೊದಲು ತಂದದ್ದು ಅಗ್ಗದ, ಮುಳ್ಳಿನ, ಚುಚ್ಚುವ ಥರ್ಮಾಮೀಟರ್. ಅದೂ ದಂಡವಾಯಿತು. ಅದರ ಕಡ್ಡಿಯೊಳಗೆ ಎರಡು ಲೋಹ ಬೆಸೆದ ಸುರುಳಿ ಇರುತ್ತದೆ. ಸುರುಳಿ ತುದಿಯಿಂದ ಎರಡು ಇಂಚಿನಷ್ಟು ಉದ್ದಕ್ಕೂ ಹಬ್ಬಿರುವುದರಿಂದ ಆ ಉದ್ದದ ಸರಾಸರಿ ಶಾಖವನ್ನು ಹೇಳುತ್ತದೆ. ದಪ್ಪ ತೊಡೆಗೆ ಸರಿ. ಕೋಳಿ ಕಾಲಿಗೆ ಎರಡು ಇಂಚು ಚುಚ್ಚಿದರೆ ಆ ಕಡೆಯಿಂದ ಹೊರಗೇ ಬರುತ್ತದೆ. ಕೊನೆಗೆ ನೂರು ಡಾಲರ್ ಹತ್ತಿರ ಕೊಟ್ಟು ಥರ್ಮೋಕಪಲ್ ಇರುವುದನ್ನು ತಂದೆ. ಅದರಲ್ಲಿ ಎರಡು ಬೇರೆ ಬೇರೆ ಲೋಹದ ತಂತಿಗಳು ತುದಿಯಲ್ಲಿ ಮಾತ್ರ ಕೂಡಿರುತ್ತವೆ, ಅಳೆಯುವುದೂ ಆ ತುದಿಯಲ್ಲೇ. ಚುಚ್ಚಿದ ಎರಡು ಮೂರು ಸೆಕೆಂಡಿನಲ್ಲಿ ಅಂಕಿ ನಿಲ್ಲುತ್ತದೆ. ಕೆಂಡದ ಮೇಲೆ ಕೈ ಚಾಚಿಕೊಂಡು ನಿಂತಾಗ ಈ ಎರಡು ಸೆಕೆಂಡಿನ ಬೆಲೆ ಗೊತ್ತಾಗುತ್ತದೆ. ಕೈ ಬಿಗಿ ಇದ್ದವರು ಇಪ್ಪತ್ತು ಮೂವತ್ತು ಡಾಲರಿನ ಡಿಜಿಟಲ್ ತಗೊಂಡರೂ ಮೋಸವಿಲ್ಲ, ಸ್ವಲ್ಪ ನಿಧಾನ ಅಷ್ಟೇ. ಆದರೆ ಕಡ್ಡಿಯ ತುದಿ ಸಣ್ಣಗಿರಲಿ.

ಯಾವುದನ್ನೇ ತಂದರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಲೋಟದ ತುಂಬ ಐಸ್ ಪುಡಿ ಹಾಕಿ, ಅದರ ಮಟ್ಟಕ್ಕೆ ತಣ್ಣೀರು ಸುರಿದು, ಕಲಕಿ, ಎರಡು ನಿಮಿಷ ಬಿಟ್ಟು ಕಡ್ಡಿಯನ್ನು ನಡುವೆ ಇಳಿಸಿ, ಲೋಟದ ಗೋಡೆಗೆ ತಾಗದಂತೆ. 32 ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಪರವಾಗಿಲ್ಲ. ನಾನು ಆರು ತಿಂಗಳಿಗೊಮ್ಮೆ ನೋಡುತ್ತೇನೆ, ಕೈಯಿಂದ ಜಾರಿ ಬಿದ್ದರೆ ಅವತ್ತೇ ನೋಡುತ್ತೇನೆ.

ಅಂಕಿಗಳನ್ನು ಅಡುಗೆಮನೆ ಗೋಡೆಗೆ ಬರೆದು ಅಂಟಿಸಿದ್ದೇನೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಪ್ರಕಾರ ಕೋಳಿಗೆ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್. ಕೈಮಾ ಮಾಡಿದ ಕುರಿ, ಹಂದಿ ಮಾಂಸಕ್ಕೆ 160. ಇಡೀ ತುಂಡಿಗೆ 145, ಇಳಿಸಿದ ಮೇಲೆ ಮೂರು ನಿಮಿಷ ಬಿಡಬೇಕು. ಹಂದಿಗೂ ಮೊದಲು 160 ಅನ್ನುತ್ತಿದ್ದರು, 2011ರಲ್ಲಿ 145ಕ್ಕೆ ಇಳಿಸಿದರು. ಕೋಳಿ ಕಾಲನ್ನು ಮಾತ್ರ ನಾನು 180ರವರೆಗೆ ಬಿಡುತ್ತೇನೆ. 165ಕ್ಕೆ ಭಯವೇನೋ ಹೋಗುತ್ತದೆ, ಮೂಳೆಯ ಹತ್ತಿರದ ನಾರು ಮೆತ್ತಗಾಗುವುದು ಅದರಾಚೆಗೆ. ಚುಚ್ಚುವುದು ಅತಿ ದಪ್ಪ ಜಾಗಕ್ಕೆ, ಮೂಳೆಗೆ ತಾಗಿಸದೆ.

ಈ ಸೀಮೆಯ ಬಾರ್ಬೆಕ್ಯೂ ಅಂದರೆ ಹಂದಿ. ಪೂರ್ವದ ಕಡೆ ಇಡೀ ಹಂದಿ, ಲೆಕ್ಸಿಂಗ್ಟನ್ ಕಡೆ ಬರೀ ಭುಜದ ಮಾಂಸ. ಎಂಟು ಪೌಂಡಿನ ಭುಜವನ್ನು 225ರಲ್ಲಿ ಹಿಕರಿ ಸೌದೆಯ ಹೊಗೆಗೆ ಇಟ್ಟರೆ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಮೀರಿ. ಅಷ್ಟು ಹೊತ್ತು ಮುಚ್ಚಳ ತೆಗೆದು ತೆಗೆದು ಚುಚ್ಚಲಾಗುವುದಿಲ್ಲ. ಇದಕ್ಕೆ ಒಳಗೇ ಬಿಡುವ, ತಂತಿಯಿರುವ ಥರ್ಮಾಮೀಟರ್ ಬೇಕು. ಎರಡು ಕಡ್ಡಿ ಇರುವುದನ್ನೇ ತಗೊಳ್ಳಿ: ಒಂದು ಮಾಂಸಕ್ಕೆ, ಇನ್ನೊಂದನ್ನು ಸರಳಿಗೆ ಕ್ಲಿಪ್ ಹಾಕಿ ಸಿಕ್ಕಿಸುವುದಕ್ಕೆ. ತಂತಿಯೇ ಇಲ್ಲದ, ಬ್ಲೂಟೂತ್ ಕಡ್ಡಿಯನ್ನೂ ತಂದು ನೋಡಿದೆ. ಗ್ರಿಲ್ಲಿನ ತಗಡು ಮುಚ್ಚಳದೊಳಗಿಂದ ಸಿಗ್ನಲ್ ಅಡುಗೆಮನೆಯವರೆಗೆ ಬರಲಿಲ್ಲ. ಅದರ ಹಿಡಿಯಲ್ಲಿರುವ ಇನ್ನೊಂದು ಸೆನ್ಸರ್ ಹೊರಗಿನ ಶಾಖ ಹೇಳಬೇಕು, ಆದರೆ ತಣ್ಣನೆ ಮಾಂಸದ ಪಕ್ಕದಲ್ಲೇ ಇರುವುದರಿಂದ ಕಡಿಮೆಯೇ ಹೇಳುತ್ತಿತ್ತು. ತಂತಿಯದ್ದಕ್ಕೆ ನಾನು ಮರಳಿದೆ. ಅದನ್ನು ತೊಳೆಯುವಾಗ ಕಡ್ಡಿಯೂ ತಂತಿಯೂ ಕೂಡುವ ಜಾಗ ನೀರಲ್ಲಿ ಮುಳುಗಬಾರದು. ಸಿಂಕಿನಲ್ಲಿ ನೆನೆಹಾಕಿ ನಾನು ಎರಡು ಕಡ್ಡಿ ಕಳೆದುಕೊಂಡಿದ್ದೇನೆ.

ಮೊದಲ ಸಲ ಭುಜ ಇಟ್ಟಾಗ ಅಂಕಿ 160ಕ್ಕೆ ಬಂದು ನಿಂತುಬಿಟ್ಟಿತು. ಮೂರು ಗಂಟೆ ಕಳೆದರೂ ಅಲ್ಲೇ. ಮೀಟರ್ ಕೆಟ್ಟಿದೆ ಅಂದುಕೊಂಡು ಇದ್ದಿಲು ಸುರಿದೆ, ಹೊರಗೆ ಸೀದುಹೋಯಿತು. ಇಲ್ಲಿಯವರು ಇದಕ್ಕೆ ‘ಸ್ಟಾಲ್’ ಅನ್ನುತ್ತಾರೆ. ಕಾರಣ ತಿಳಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಮಣ್ಣಿನ ಹೂಜಿ. ಹೂಜಿಯ ಮೈ ಬೆವರಿ, ಆ ಬೆವರು ಆರುವಾಗ ಒಳಗಿನ ನೀರು ತಂಪಾಗುತ್ತದಲ್ಲ, ಮಾಂಸವೂ ಹಾಗೇ ಬೆವರುತ್ತದೆ. ಬೆಂಕಿ ಕೊಡುವ ಶಾಖವನ್ನೆಲ್ಲ ಆರುವ ನೀರು ಹೊತ್ತೊಯ್ಯುತ್ತದೆ. ಮಾಂಸ ಸುತ್ತುವ ದಪ್ಪ ಕಾಗದದಲ್ಲೋ ಅಲ್ಯೂಮಿನಿಯಂ ಹಾಳೆಯಲ್ಲೋ ಬಿಗಿಯಾಗಿ ಸುತ್ತಿದರೆ ಬೆವರು ಆರುವುದು ನಿಲ್ಲುತ್ತದೆ, ಅಂಕಿ ಮತ್ತೆ ಏರುತ್ತದೆ. 200 ಆಸುಪಾಸಿಗೆ ಬಂದಾಗ ಗಟ್ಟಿ ನಾರೆಲ್ಲ ಕರಗಿ ಅಂಟಾಗಿರುತ್ತದೆ. ಆಗ ಕಡ್ಡಿ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. ಅಂಕಿ ಬಂದೂ ಕಡ್ಡಿ ತಡೆದರೆ ಇನ್ನರ್ಧ ಗಂಟೆ ಬಿಡುತ್ತೇನೆ.

ಅಪ್ಪ ಬಂದಿದ್ದಾಗ ಅವರ ತಟ್ಟೆಗೆ ಇದನ್ನೇ ಬಡಿಸಿದೆ. ಕಪ್ಪು ಪದರದ ಕೆಳಗೆ ಬೆರಳಗಲ ಗುಲಾಬಿ ಬಣ್ಣ ನೋಡಿ ತಟ್ಟೆ ಪಕ್ಕಕ್ಕಿಟ್ಟರು.

“ಬೆಂದಿಲ್ವಲ್ಲೋ ಇದು. ಮೇಲೆ ಸೀದಿದೆ, ಕೆಳಗೆ ಕೆಂಪಗಿದೆ.”

“ಬೆಂದಿದೆ ಅಪ್ಪ. ಅದು ಹೊಗೆ ಹಿಡಿದ ಬಣ್ಣ. ಒಳಗೆ 203 ಇತ್ತು, ನಾನೇ ನೋಡಿದೀನಿ.”

ಸೌದೆಯ ಹೊಗೆಯಲ್ಲಿರುವ ಅನಿಲ ಮಾಂಸದ ಕೆಂಪು ಬಣ್ಣವನ್ನು ಹಿಡಿದುಬಿಡುತ್ತದೆ, ಎಷ್ಟು ಬೆಂದರೂ ಅದು ಹೋಗುವುದಿಲ್ಲ. ಹುಟ್ಟುಹಬ್ಬದ ದಿನ ಬೆಂದಂತೆ ಕಂಡದ್ದು ಬೆಂದಿರಲಿಲ್ಲ, ಇವತ್ತು ಹಸಿಯಂತೆ ಕಂಡದ್ದು ಪೂರ್ತಿ ಬೆಂದಿತ್ತು. ಬಾರ್ಬೆಕ್ಯೂ ಶುರುಮಾಡುವವರಿಗೆ ನಾನು ಥರ್ಮಾಮೀಟರಿಗೇ ಮೊದಲು ದುಡ್ಡು ಹಾಕಿ ಅನ್ನುವುದು ಇದಕ್ಕೇ.

ಇನ್ನು ಇಂಜೆಕ್ಟರ್, ಅಂದರೆ ಮಾಂಸದೊಳಕ್ಕೆ ಮಸಾಲೆ ನೀರು ತುಂಬುವ ದೊಡ್ಡ ಸಿರಿಂಜು. ಪ್ಲಾಸ್ಟಿಕ್ಕಿನದು ಒಂದೇ ಬೇಸಿಗೆಗೆ ಬಿರುಕು ಬಿಟ್ಟಿತು, ಈಗಿರುವುದು ಸ್ಟೀಲಿನದು. ಒಳಗಿನ ರಬ್ಬರ್ ಉಂಗುರಕ್ಕೆ ಒಂದು ಹನಿ ಅಡುಗೆ ಎಣ್ಣೆ ಸವರಿದರೆ ಜಾರುತ್ತದೆ. ಪಕ್ಕದಲ್ಲಿ ಸಣ್ಣ ತೂತುಗಳಿರುವ ಸೂಜಿ ತೆಳುವಾದ ನೀರಿಗೆ, ತುದಿ ಓರೆಯಾಗಿ ಕೊಯ್ದ ಸೂಜಿ ಮಂದ ಮಸಾಲೆಗೆ. ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಸಣ್ಣ ತೂತಿನ ಸೂಜಿಗೆ ಹಾಕಿ ಒತ್ತಿದಾಗ ಎಲ್ಲ ಕಟ್ಟಿಕೊಂಡು ಹಿಂದಿನಿಂದ ಚಿಮ್ಮಿತು. ಈಗ ಮಸಾಲೆ ನೀರನ್ನು ಬಟ್ಟೆಯಲ್ಲಿ ಸೋಸದೆ ತುಂಬುವುದಿಲ್ಲ. ಮಾಂಸದ ತೂಕದ ಹತ್ತರಲ್ಲೊಂದು ಪಾಲು ದ್ರವ ಸಾಕು. ಅರ್ಧ ಲೀಟರ್ ಸೇಬಿನ ರಸಕ್ಕೆ 25 ಗ್ರಾಂ ಉಪ್ಪು ನನ್ನ ಲೆಕ್ಕ. ಸೂಜಿ ಚುಚ್ಚಿ, ಹಿಂದಕ್ಕೆ ಎಳೆಯುತ್ತಾ ಮೆಲ್ಲಗೆ ಒತ್ತಬೇಕು. ಒಂದೇ ತೂತಿನಿಂದ ನಾಲ್ಕು ದಿಕ್ಕಿಗೆ ತಿರುಗಿಸಿದರೆ ಮಾಂಸ ಜರಡಿಯಾಗುವುದಿಲ್ಲ.

ಊರಿನಿಂದ ತಂದಿದ್ದ ಕಾಚಂಪುಳಿಯನ್ನು (ಕೊಡಗಿನ ಕಡೆಯ ಕಪ್ಪು ಹುಳಿ) ಒಮ್ಮೆ ಧಾರಾಳವಾಗಿ ಬೆರೆಸಿ ರಾತ್ರಿಯಿಡೀ ಬಿಟ್ಟೆ. ಸೂಜಿ ಹೋದ ಕಡೆಯೆಲ್ಲ ಮಾಂಸ ಹಿಟ್ಟುಹಿಟ್ಟಾಗಿತ್ತು. ಹುಳಿ ಒಳಗೆ ಬೇಡ, ಕೊನೆಗೆ ಮೇಲೆ ಇರಲಿ. ಪೂರ್ವ ಕ್ಯಾರೊಲೈನಾದವರು ಎಳೆ ಬಿಡಿಸಿದ ಮಾಂಸಕ್ಕೆ ವಿನೆಗರ್, ಉಪ್ಪು, ಒಣಮೆಣಸಿನಕಾಯಿ ಕಲಸುತ್ತಾರೆ. ಅದೇ ಜಾಗಕ್ಕೆ ಕಾಚಂಪುಳಿ ಬಂದು ಕೂತಿತು, ಅಲ್ಲಿಯೇ ಹುಟ್ಟಿದ್ದೇನೋ ಅನ್ನುವಷ್ಟು ಸಲೀಸಾಗಿ. ಇಂಜೆಕ್ಟರ್ ಬಳಸುವವರು ಒಂದನ್ನು ಮರೆಯಬಾರದು: ಸೂಜಿ ಮೇಲ್ಮೈಯ ರೋಗಾಣುಗಳನ್ನು ಒಳಕ್ಕೆ ತಳ್ಳುತ್ತದೆ. ಹಾಗಾಗಿ ನಡುವಿನ ಶಾಖ ನೋಡದೆ ಇಳಿಸಬೇಡಿ, ಉಳಿದ ಮಸಾಲೆ ನೀರನ್ನು ಚೆಲ್ಲಿ.

ಬಾಕಿ ಸಾಮಾನಿನಲ್ಲಿ ಇದ್ದಿಲು ಹೊತ್ತಿಸುವ ಚಿಮಣಿ, ಅಂದರೆ ಇದ್ದಿಲು ತುಂಬುವ ತಗಡಿನ ಕೊಳವೆ, ಬೇಕೇ ಬೇಕು. ಕೆಳಗೆ ಎರಡು ಹಾಳೆ ಪೇಪರ್ ಹಚ್ಚಿದರೆ ಕಾಲು ಗಂಟೆಯಲ್ಲಿ ಕೆಂಡ, ಸೀಮೆಎಣ್ಣೆ ವಾಸನೆ ಇಲ್ಲ. ದಪ್ಪ ಚರ್ಮದ ಕೈಗವಸು ಬೇಕು. ಮಾಂಸ ಬಿಡಿಸುವ ಪ್ಲಾಸ್ಟಿಕ್ ಉಗುರುಗಳು, ದೂರದಿಂದ ಗುರಿಯಿಡುವ ಇನ್ಫ್ರಾರೆಡ್ ಗನ್ ಎರಡೂ ಡಬ್ಬದಲ್ಲೇ ಇವೆ. ಗನ್ ಹೇಳುವುದು ಮೇಲ್ಮೈಯ ಶಾಖ ಮಾತ್ರ, ಹೊಳೆಯುವ ಸ್ಟೀಲಿನ ಮೇಲೆ ಅದೂ ತಪ್ಪು. ತಂತಿ ಬ್ರಷ್ ಮಾತ್ರ ಮನೆಗೆ ತರಲೇಬೇಡಿ. ಅದರ ಎಳೆ ಸರಳಿಗೆ ಅಂಟಿ, ಊಟದ ಜೊತೆ ಗಂಟಲಿಗೋ ಹೊಟ್ಟೆಗೋ ಇಳಿದು ಆಸ್ಪತ್ರೆ ಸೇರಿದವರ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2012ರಲ್ಲೇ ಎಚ್ಚರಿಸಿದೆ. ಅವ್ವ ದೋಸೆ ಕಲ್ಲಿಗೆ ಉಜ್ಜುತ್ತಿದ್ದ ಹಾಗೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಬಿಸಿ ಸರಳಿಗೆ ಉಜ್ಜುತ್ತೇನೆ, ಎಲ್ಲ ಬಿಟ್ಟುಕೊಳ್ಳುತ್ತದೆ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಥರ್ಮಾಮೀಟರನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡಿದ್ದೆ. ಒಲೆಯ ಮೇಲೆ ಕುದಿಯುವ ನೀರಿಗೆ ಇಳಿಸಿದರೆ 97 ಸೆಲ್ಸಿಯಸ್. “ನೀರು ನೂರಕ್ಕಲ್ವೇನೋ ಕುದಿಯೋದು? ಕೆಟ್ಟಿದೆ ಇದು” ಅಂದರು ಅಪ್ಪ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ಕ್ಕೇ ಕುದಿಯಬೇಕು ಅಂತ ಹೇಳಿ, ಐಸಿನ ಲೋಟದಲ್ಲಿ ಸೊನ್ನೆ ತೋರಿಸಿದೆ. ಸಂಜೆ ಹಿತ್ತಲಲ್ಲಿ ಕೆಂಡ ಹಾಕಿ ನಾಟಿ ಕೋಳಿ ಸುಟ್ಟಾಗ ಚುಚ್ಚಿದ್ದು ಅವರೇ. 74 ಬಂದದ್ದನ್ನು ನೋಡಿ, “ಕಾಲು ಅಲ್ವಾ, ಇನ್ನೊಂಚೂರು ಇರಲಿ” ಅಂದರು. ಬರುವಾಗ ಅದನ್ನು ಅವರ ಹತ್ತಿರವೇ ಬಿಟ್ಟೆ. ಇಲ್ಲಿಗೆ ಬಂದು ಅಂಥದ್ದೇ ಇನ್ನೊಂದನ್ನು ತರಿಸಿಕೊಂಡೆ.