ಫುಲ್ವಿಯಾದ ಮೂಲ ಬಣ್ಣ: ಒಂದು ದುರಸ್ತಿಯ ಅನುಭವ

ಇಟಲಿಯ ಟ್ಯೂರಿನ್ ಹೊರವಲಯದ ಒಂದು ಶೆಡ್ಡಿನಿಂದ ನಾನು ಕೊಂಡು ತಂದ ಲಾಂಚಿಯಾ ಫುಲ್ವಿಯಾ ಕೂಪೆ 1.3 ಎಸ್ ಕಾರು 1971ರದು. ಮಾರಿದವರು ಅದನ್ನು ಮೊದಲಿನಿಂದಲೂ ಒಂದೇ ಮನೆಯಲ್ಲಿದ್ದ ಕಾರು, ಕೆಂಪು ಬಣ್ಣವೂ ಕಾರ್ಖಾನೆಯದೇ ಎಂದು ಹೇಳಿದ್ದರು. ಅವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಅವರಿಗೆ ತಿಳಿದಿದ್ದುದು ತಮ್ಮ ತಂದೆ ಕೊಂಡ ಮೇಲಿನ ಕಥೆ ಮಾತ್ರ.

ನನಗೆ ಮೊದಲು ಅನುಮಾನ ಬಂದದ್ದು ನಂಬರ್ ಪ್ಲೇಟಿನಿಂದ. ಇಟಲಿಯಲ್ಲಿ 1994ರವರೆಗೆ ವಾಹನದ ನಂಬರು ಪ್ರಾಂತ್ಯಕ್ಕೆ ಸೇರಿರುತ್ತಿತ್ತು. ಕಾರು ಬೇರೆ ಪ್ರಾಂತ್ಯದವರ ಪಾಲಾದರೆ ಹಳೆಯ ಪ್ಲೇಟನ್ನು ಒಪ್ಪಿಸಿ ಹೊಸದನ್ನು ಪಡೆಯಬೇಕಿತ್ತು. ನನ್ನ ಕಾರಿನ ಕಪ್ಪು ಪ್ಲೇಟಿನಲ್ಲಿ ಕೂನಿಯೊ ಪ್ರಾಂತ್ಯದ 'ಸಿಎನ್' ಅಕ್ಷರಗಳು ಕಿತ್ತಳೆ ಬಣ್ಣದಲ್ಲಿದ್ದವು. ಕಿತ್ತಳೆ ಅಕ್ಷರಗಳ ಪ್ಲೇಟು ಬಳಕೆಗೆ ಬಂದದ್ದು ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ; ಆದ್ದರಿಂದ 1971ರ ಕಾರಿಗೆ ಅದು ಮೊದಲ ಪ್ಲೇಟಾಗಿರಲು ಸಾಧ್ಯವೇ ಇರಲಿಲ್ಲ. ಅಲ್ಲಿನ ಸಾರ್ವಜನಿಕ ವಾಹನ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ 'ಎಸ್ತ್ರಾತ್ತೊ ಕ್ರೊನೊಲೊಜಿಕೊ' ಎಂಬ ನಕಲು ಸಿಗುತ್ತದೆ. ನಮ್ಮಲ್ಲಿ ಸೈಟು ಕೊಳ್ಳುವ ಮುನ್ನ ಇ.ಸಿ. ತೆಗೆಸುವಂತೆಯೇ ಇದು: ಯಾರಿಂದ ಯಾರಿಗೆ, ಯಾವ ದಿನ ಎಂಬುದೆಲ್ಲ ಅದರಲ್ಲಿ ಅನುಕ್ರಮವಾಗಿ ಇರುತ್ತದೆ. 1971ರಲ್ಲಿ ಟ್ಯೂರಿನ್‌ನ ಒಬ್ಬರ ಹೆಸರಿಗೆ ನೋಂದಣಿಯಾಗಿದ್ದ ಕಾರು 1979ರಲ್ಲಿ ಕೂನಿಯೊಗೆ ಹೋಗಿತ್ತು. ಮಾರಿದವರ ಮನೆತನದ ಕಥೆ ಎಂಟು ವರ್ಷ ತಡವಾಗಿ ಆರಂಭವಾಗುತ್ತಿತ್ತು.

ಆ ಕಾಗದವನ್ನು ಓದಿದ ಮೇಲೆ ಕಾರಿನ ಅಡಿಭಾಗವನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಕೂನಿಯೊ ಆಲ್ಪ್ಸ್ ಪರ್ವತದ ಬುಡದ ಪ್ರಾಂತ್ಯ. ಚಳಿಗಾಲದಲ್ಲಿ ಹಿಮ ಕರಗಿಸಲು ಅಲ್ಲಿನ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ. ಫುಲ್ವಿಯಾದ ಎಂಜಿನ್, ಗೇರ್‌ಬಾಕ್ಸ್ ಮತ್ತು ಮುಂಗಾಲಿಗಳ ಸಸ್ಪೆನ್ಷನ್ ಎಲ್ಲವೂ ಸಬ್‌ಫ್ರೇಮ್ ಎಂಬ ಒಂದು ಪ್ರತ್ಯೇಕ ಚೌಕಟ್ಟಿನ ಮೇಲೆ ಕುಳಿತಿದ್ದು, ಆ ಸಬ್‌ಫ್ರೇಮನ್ನು ಕಾರಿನ ಬಾಡಿಯೊಂದಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬೋಲ್ಟು ಕೂರುವ ಜಾಗಗಳ ಒಳಗೆ ತೇವ ನಿಂತರೆ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ತಗಡು ಹಪ್ಪಳದಂತಾಗಿರುತ್ತದೆ. ಶಿವಮೊಗ್ಗದಲ್ಲಿ ನಮ್ಮ ತಂದೆಯ ಫಿಯಟ್ 1100 ಬಿಚ್ಚುವಾಗ ಟಿಂಕರಿಂಗ್ ಮಾಡುತ್ತಿದ್ದ ಸಾಬರು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ 'ಇಲ್ಲಿ ಪುಟ್ಟಿ' ಎಂದು ಹೇಳುತ್ತಿದ್ದರು. ನಾನೂ ಹಾಗೆಯೇ ತಟ್ಟಿದೆ. ಎಡಬದಿಯ ಹಿಂದಿನ ಬೋಲ್ಟಿನ ಸುತ್ತ ಸದ್ದು ಸತ್ತಿತ್ತು. ಕೆರೆದಾಗ ಪುಟ್ಟಿ, ಅದರ ಕೆಳಗೆ ಹಿಂದೆ ಯಾರೋ ಮೇಲಿಂದ ಮೇಲೆ ಹಚ್ಚಿದ ಎರಡು ತೇಪೆ, ಅದರ ಹಿಂದೆ ತೂತು.

ಆ ಭಾಗವನ್ನು ಕತ್ತರಿಸುವ ಮುನ್ನ ಎರಡೂ ಬಾಗಿಲುಗಳ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು, ಬಾಡಿ ಸೊಟ್ಟಗಾಗದಂತೆ ಭದ್ರಪಡಿಸಿದೆ. ಬಾಗಿಲ ಸಂದಿನ ಅಳತೆಯನ್ನು ಪ್ರತಿದಿನವೂ ಬರೆದಿಟ್ಟುಕೊಂಡೆ. ಹೊಸ ತಗಡನ್ನು ಒಂದೇ ಸಮನೆ ವೆಲ್ಡ್ ಮಾಡದೆ, ಬಿಸಿಗೆ ಬಾಗದಿರಲೆಂದು ದೂರದೂರಕ್ಕೆ ಚುಕ್ಕೆಯಿಟ್ಟು, ತಣಿಯಲು ಬಿಟ್ಟು, ಮತ್ತೆ ಕೂಡಿಸುತ್ತ ಹೋದೆ. ಇಷ್ಟಕ್ಕೇ ಒಂದು ಚಳಿಗಾಲ ಕಳೆಯಿತು.

ಎಂಜಿನ್ ಅಷ್ಟು ಕಾಡಲಿಲ್ಲ. 1298 ಸಿಸಿಯ ಈ ವಿ4 ಎಂಜಿನ್ನಿನಲ್ಲಿ ಸಿಲಿಂಡರುಗಳ ಎರಡು ಸಾಲುಗಳ ನಡುವಿನ ಕೋನ 13 ಡಿಗ್ರಿಯ ಆಸುಪಾಸು ಮಾತ್ರ ಇರುವುದರಿಂದ ನಾಲ್ಕೂ ಸಿಲಿಂಡರುಗಳಿಗೆ ಒಂದೇ ಹೆಡ್, ಅಂದರೆ ಮೇಲಿನ ಮುಚ್ಚಳ, ಸಾಕಾಗುತ್ತದೆ. ಇಡೀ ಎಂಜಿನ್ 45 ಡಿಗ್ರಿ ವಾಲಿಕೊಂಡು ಕುಳಿತಿರುತ್ತದೆ. ಲಾಂಚಿಯಾದ ಮಾದರಿಗಳ ಪಟ್ಟಿಯಲ್ಲಿ ಈ ಕಾರಿನ ಎಂಜಿನ್ನಿಗೆ ಕೊಟ್ಟಿದ್ದ 818.303 ಎಂಬ ಸಂಖ್ಯೆ ಬ್ಲಾಕಿನ ಮೇಲೂ ಇದ್ದುದರಿಂದ ಈ ಮಾದರಿಗೆ ಸಲ್ಲುವ ಎಂಜಿನ್ನೇ ಒಳಗಿದೆ ಎಂದು ಸಮಾಧಾನವಾಯಿತು. ಹೆಡ್ ಗ್ಯಾಸ್ಕೆಟ್, ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು ಬದಲಾಯಿಸಿದೆ. ಎರಡು ಸೋಲೆಕ್ಸ್ ಕಾರ್ಬ್ಯುರೇಟರ್‌ಗಳನ್ನು ಒಂದೇ ಉಸಿರಿಗೆ ತರಲು ಮಾತ್ರ ಒಂದು ವಾರ ಹಿಡಿಯಿತು.

ಉಳಿದದ್ದು ಬಣ್ಣದ ಪ್ರಶ್ನೆ. ಡ್ಯಾಶ್‌ಬೋರ್ಡ್ ಕಳಚಿದಾಗ ಅದರ ಹಿಂದಿನ ತಗಡು ಕಡುನೀಲಿಯಾಗಿತ್ತು. ವಿಷಯ ತಿಳಿಸಿದಾಗ ಮಾರಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಂದೆಗೆ ರ‍್ಯಾಲಿಯ ಹುಚ್ಚಿತ್ತು ಎಂದರು. 1972ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಸಾಂದ್ರೊ ಮುನಾರಿ ಗೆದ್ದದ್ದು ಕಪ್ಪು ಬಾನೆಟ್ಟಿನ ಕೆಂಪು ಫುಲ್ವಿಯಾದಲ್ಲಿ; ಅದು ಎಚ್‌ಎಫ್ ಎಂಬ 1.6 ಲೀಟರಿನ ರ‍್ಯಾಲಿ ಮಾದರಿ, ನಮ್ಮದು ಅದರ ಸಾಧು ತಮ್ಮ. ಆ ಅಭಿಮಾನದಿಂದಲೇ ತಂದೆ ಕೆಂಪು ಬಳಿಸಿರಬೇಕೆಂದು ಅವರ ಊಹೆ. ಕೆಂಪು ಈ ಕಾರಿನ ಜೀವನದ ಹೆಚ್ಚಿನ ಭಾಗವನ್ನು ಆವರಿಸಿತ್ತೆಂಬುದು ನಿಜ. ಆದರೆ ಆ ಬಣ್ಣ ಪುಟ್ಟಿಯ ಮೇಲೆ ನಿಂತಿತ್ತು, ಪುಟ್ಟಿ ಹೋದ ಮೇಲೆ ಅದನ್ನು ಉಳಿಸುವ ದಾರಿ ಇರಲಿಲ್ಲ. ಹೇಗೂ ಹೊಸದಾಗಿ ಬಳಿಯಬೇಕಾದ್ದರಿಂದ ನೀಲಿಯನ್ನೇ ಬಳಿಸಿದೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ತಗಡು ಗಟ್ಟಿಯಾಗಿತ್ತು. ಅಲ್ಲಿನ ಕೆಂಪನ್ನು ಹಾಗೆಯೇ ಬಿಟ್ಟಿದ್ದೇನೆ. ಕೂನಿಯೊದ ಪ್ಲೇಟನ್ನೂ ಬದಲಾಯಿಸಿಲ್ಲ.